ಕಣ್ಣು ಬರೆಯದ ಚಿತ್ರ

"ಇದಕ್ಕೆ ಬೇರೆ ಯಾರ ಕೈಯನ್ನೂ ತಾಗಿಸಬೇಡ. ಮಾತು ಕೊಡು," ಎಂದಿದ್ದ ಗಂಡ, ಆಸ್ಪತ್ರೆಯ ಹಾಸಿಗೆಯಿಂದ. ಅವಳು ಕೊಟ್ಟಿದ್ದಳು. ಏಳು ವರ್ಷದ ಹಿಂದೆ.

ಇದು ಎಂದರೆ ಅವನು ಬರೆದ ಅವಳ ಚಿತ್ರ. ಕೆನ್ನೆ, ಕತ್ತು, ಕಿವಿಯ ಹಿಂದಿನ ಎಳೆಗೂದಲು, ಎಲ್ಲ ಇತ್ತು. ಕಣ್ಣು ಮಾತ್ರ ಇರಲಿಲ್ಲ. "ಸಿಕ್ತಾ ಇಲ್ಲ ಕಣೇ, ನಾಳೆ ನೋಡೋಣ," ಅನ್ನುತ್ತಿದ್ದ. ನಾಳೆಗಳು ಮುಗಿದುಹೋದವು.

ಅಂದಿನಿಂದ ಮನೆಯ ಯಾವುದೋ ಮೂಲೆಯಲ್ಲಿ ಅವನು ಬಣ್ಣಕ್ಕೆ ಬೆರೆಸುತ್ತಿದ್ದ ಟರ್ಪೆಂಟೈನ್ ವಾಸನೆ. ಬಾಟಲಿಗಳನ್ನೆಲ್ಲ ಎಸೆದರೂ ಹೋಗಿರಲಿಲ್ಲ.

ಕೊನೆಯ ಗ್ರಹವನ್ನೂ ದಾಟಿ ಹೋಗಿ ತಿರುಗಿ ಬಾರದ ನೌಕೆಯೊಂದಕ್ಕೆ ಅವಳ ಲ್ಯಾಬಿನಲ್ಲಿ ಚಿಪ್ ತಯಾರಾಗುತ್ತಿತ್ತು. ಉಗುರಿನಷ್ಟು ಅಗಲದಲ್ಲಿ ಸಾವಿರ ಚಿತ್ರ. ಒಂದೊಂದೂ ಉಪ್ಪಿನ ಹರಳಿಗಿಂತ ಚಿಕ್ಕದು. ಗಂಡನದೂ ಆಯ್ಕೆಯಾಯಿತು. ನಕಲು ಮಾಡಲೆಂದು ಚಿತ್ರವನ್ನು ತೆಗೆದುಕೊಡುವಾಗ ಅತ್ತೆ, "ಕಣ್ಣಿಲ್ದೋಳನ್ನ ಅಷ್ಟು ದೂರ ಕಳಿಸ್ತೀಯಲ್ಲೇ, ದಾರಿ ಹೇಗೆ ಕಾಣುತ್ತೆ?" ಎಂದು ನಕ್ಕು, ಮುಖ ಆಚೆ ತಿರುಗಿಸಿದ್ದರು.

ಚಿಪ್‌ಗೆ ತೆಳು ಲೇಪನ ಬಳಿಯುವುದು ಅವಳ ಕೆಲಸ. ಅದರ ಮೇಲೆ ಎಲೆಕ್ಟ್ರಾನ್ ಕಿರಣದಿಂದ ಗೀಚುವವನನ್ನು ಎಲ್ಲರೂ ಬೀಮ್ ಮಾಸ್ತರ ಎನ್ನುತ್ತಿದ್ದರು. ಮೂರು ವರ್ಷದ ಒಡನಾಟ. ಆದರೆ ಸಿಗುತ್ತಿದ್ದುದು ಲ್ಯಾಬಿನ ಧೂಳು ಹೊಗದ ಕೋಣೆಯಲ್ಲಿ ಮಾತ್ರ. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಮಾಸ್ಕ್, ಕಾಣುವುದು ಕಣ್ಣಷ್ಟೇ.

"ಮೇಡಂ, ನಗ್ತಿದ್ದೀರಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಎಡಗಣ್ಣು ಮೊದ್ಲು ನಗುತ್ತೆ. ಬಲಗಣ್ಣು ಪರ್ಮಿಷನ್ ಕೇಳ್ಕೊಂಡು ಬರುತ್ತೆ."

ಅವಳು ಬೇಕೆಂದೇ ಎರಡನ್ನೂ ಮುಚ್ಚಿಕೊಂಡಳು.

ಎರಡು ಚಿಪ್ ತಯಾರಾದವು. ಒಂದು ಹೋಗಲು, ಇನ್ನೊಂದು ಹೆಚ್ಚಿಗೆ ಇರಲೆಂದು. ಕಿರಣ ತಾಗಿದಲ್ಲಿನ ಲೇಪನ ತೊಳೆದ ಮೇಲೆ ಮೊದಲನೆಯದನ್ನು ಮೈಕ್ರೋಸ್ಕೋಪಿನಡಿ ಇಟ್ಟವಳು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪರದೆಯ ಮೇಲೆ ಅವಳ ಮುಖ. ಕಣ್ಣಿರಬೇಕಾದಲ್ಲಿ ಎರಡು ಕಪ್ಪು ಗುರುತು. ಅವು ಅವಳನ್ನೇ ನೋಡುತ್ತಿದ್ದವು.

ಗಾಳಿಯನ್ನೂ ಸೋಸಿ ಬಿಡುವ ಆ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ ಬಂತು.

"ಬಂದ್ಯಾ?" ಎಂದು ಪಿಸುಗುಟ್ಟಿದಳು.

"ಅವರಲ್ಲ ಮೇಡಂ. ನಾನು." ಮಾಸ್ತರ ಬಾಗಿಲ ಬಳಿ ನಿಂತಿದ್ದ.

"ನೀವು ಗೀಚಿದ್ರಾ? ಯಾರು ಹೇಳಿದ್ರು ನಿಮಗೆ?"

"ಗೀಚಲಿಲ್ಲ. ನೋಡಿದೆ."

ಅವಳಿಗೆ ತಿಳಿಯಿತು. ಲೇಪನವಿರುವ ಚಿಪ್ಪನ್ನು ಆ ಕಿರಣದಲ್ಲಿ ನೋಡುವಂತಿಲ್ಲ. ಗೀಚುವುದೂ ಅದೇ ಕಿರಣ, ತೋರಿಸುವುದೂ ಅದೇ. ನೋಟ ನಿಂತಲ್ಲೆಲ್ಲ ಗುರುತು ಬೀಳುತ್ತದೆ. ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಹೇಳಿಕೊಡುವವನೂ ಅವನೇ.

"ಆ ಖಾಲಿ ಜಾಗಕ್ಕೆ ಹೋಗಿ ನಿಂತುಬಿಟ್ಟೆ," ಎಂದ. "ಮೊದ್ಲು ಎಡಕ್ಕೆ, ಆಮೇಲೆ ಬಲಕ್ಕೆ. ಅಲ್ಲಿ ಏನಿರ್ಬೇಕು ಅಂತ ನನಗೆ ಗೊತ್ತಿತ್ತಲ್ಲ. ಮೂರು ವರ್ಷದಿಂದ ಅದೊಂದನ್ನೇ ತಾನೇ ನೋಡಿರೋದು?"

"ನಾನು ಅವರಿಗೆ ಮಾತು ಕೊಟ್ಟಿದ್ದೆ. ಇನ್ನೊಬ್ಬರ ಕೈ ತಾಗಿಸಲ್ಲ ಅಂತ."

ಅವನ ಕಣ್ಣು ನೆಲ ನೋಡಿತು. "ಇನ್ನೊಂದು ಚಿಪ್ ಸರಿಯಾಗಿದೆ. ಅವರು ಬಿಟ್ಟ ಹಾಗೇ ಇದೆ. ಅದನ್ನೇ ಕಳಿಸಿ. ತಪ್ಪು ನಂದು ಅಂತ ನಾನೇ ಬರ್ಕೊಡ್ತೀನಿ."

"ದೊಡ್ಡ ಮಾಸ್ತರಂತೆ! ಕಣ್ಣೇ ಹತೋಟಿಯಲ್ಲಿಲ್ಲ."

"ನಿಮ್ಮ ವಿಷಯದಲ್ಲಿ ಯಾವತ್ತಿತ್ತು?"

ಮಾಸ್ಕಿನೊಳಗೆ ಅವಳ ಉಸಿರು ಬಿಸಿಯಾಯಿತು. ಬೆನ್ನ ಹಿಂದೆ ಗಂಡ ನಿಂತಿದ್ದಾನೆ ಅನ್ನಿಸಿತು, ಬ್ರಷ್ ಒರೆಸಿಕೊಳ್ಳುತ್ತ, ನಾಳೆ ನೋಡೋಣ ಎನ್ನುತ್ತ. ಅವಳು ತಿರುಗಲಿಲ್ಲ. ತಿರುಗಿದ್ದರೆ ಎರಡನೆಯ ಚಿಪ್ಪನ್ನೇ ಎತ್ತಿಕೊಳ್ಳುತ್ತಿದ್ದಳು. ಆಗ ಲಕ್ಷಾಂತರ ವರ್ಷ ಆ ಮುಖ ಬಾಹ್ಯಾಕಾಶದ ಕತ್ತಲಲ್ಲಿ, ಕಣ್ಣಿಲ್ಲದೆ.

"ಹೊರಗೆ ಹೋಗಿ ಕಾಯ್ತಿರಿ," ಎಂದಳು. "ಮಾಸ್ಕ್ ತೆಗೆದು. ನಿಮ್ಮ ಮುಖ ಹೇಗಿದೆ ಅಂತ ನಾನೂ ಒಂದ್ಸಲ ನೋಡ್ಬೇಕು."

ಅವನು ಹೋದ. ಅವಳು ಮೊದಲನೆಯ ಚಿಪ್ಪನ್ನು ಡಬ್ಬಿಯಲ್ಲಿಟ್ಟು ಸೀಲ್ ಮಾಡಿದಳು. ಪರೀಕ್ಷೆಯ ಹಾಳೆಯಲ್ಲಿ, 'ಹೆಚ್ಚುವರಿ ಗುರುತು ಎರಡು. ಒಪ್ಪಿಗೆ ಇದೆ,' ಎಂದು ಬರೆದು ಸಹಿ ಹಾಕಿದಳು.

ಗಂಡನಿಗೆ ಕೊಟ್ಟ ಮಾತನ್ನು ಅವಳು ಮುರಿದಳು.