ಮುಚ್ಚಂಜೆ ಹೊತ್ತಿನ ಇಂಗ್ಲಿಷ್ ಕ್ಲಾಸು

"ಪ್ರೇಕ್ಷಾ, ನೀನು ಹೇಳು. ವೇರ್ ಈಸ್ ದ ಬರ್ಡ್?"

ಪ್ರೇಕ್ಷಾ ತಟ್ಟನೆ ಎದ್ದು ನಿಂತಳು. ಹಕ್ಕಿ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಕೆರೆ ಕಡೆ ಹೋಯ್ತು ಮಿಸ್!"

ಚಾಪೆಯ ಮೇಲೆ ಕೂತಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆಶಾರಾಣಿ ಮಿಸ್ ಕೈಯಲ್ಲಿದ್ದ ಚಿತ್ರದಲ್ಲಿ ಹಕ್ಕಿ ಮರದ ಕೊಂಬೆಯ ಮೇಲೆ ತಣ್ಣಗೆ ಕೂತಿತ್ತು. ಅದು ಎಲ್ಲಿಗೂ ಹೋಗಿರಲಿಲ್ಲ.

"ದ ಬರ್ಡ್ ಈಸ್ ಆನ್ ದ ಟ್ರೀ ಅನ್ನೇ," ಎಂದು ಪಕ್ಕದಲ್ಲಿದ್ದ ಮಾನ್ಯ ಪಿಸುಗುಟ್ಟಿದಳು.

ಪ್ರೇಕ್ಷಾ ಹೇಳಿದ್ದು ಬೇರೆ ಹಕ್ಕಿಯ ವಿಷಯ. ಆಗಷ್ಟೇ ಹೊರಗೆ ಗಿಳಿಗಳ ಹಿಂಡೊಂದು ಕೀ ಕೀ ಎನ್ನುತ್ತಾ ಮನೆಯ ಮೇಲೆ ಹಾದುಹೋಗಿತ್ತು. ಅವಳು ಕಣ್ಣು ಮುಚ್ಚಿ ಅವುಗಳ ಹಿಂದೆಯೇ ಹೊರಟಿದ್ದಳು. ಬಸ್‌ಸ್ಟ್ಯಾಂಡ್ ದಾಟಿ, ಜೋಳದ ಹೊಲ ದಾಟಿ, ಇನ್ನೇನು ಕೆರೆಯ ನೀರು ಕಾಣಬೇಕು ಅನ್ನುವಾಗ ಮಿಸ್ ಕರೆದುಬಿಟ್ಟಿದ್ದರು.

ಆಶಾರಾಣಿ ಮಿಸ್ ಯಾರಿಗೂ ಹೊಡೆಯುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಅರಕಲಗೂಡಿನ ಬಸ್‌ಸ್ಟ್ಯಾಂಡಿನ ಹಿಂದೆ, ತಮ್ಮ ಮನೆಯ ಮಹಡಿಯಲ್ಲಿ ದಿನಾ ಸಂಜೆ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಬಸ್ಸುಗಳ ಹಾರನ್ ಸದ್ದು, ಧೂಳು ತಡೆಯಲಾರದೆ ಕಿಟಕಿಯನ್ನು ಮುಚ್ಚಿಯೇ ಇಡುತ್ತಿದ್ದರು. ಮಕ್ಕಳು ಒಳಗೆ ಹೋಗುವಾಗ ಹೊರಗೆ ಬಿಸಿಲಿರುತ್ತಿತ್ತು. ಹೊರಗೆ ಬರುವಾಗ ಬೀದಿದೀಪ ಹತ್ತಿರುತ್ತಿತ್ತು. ನಡುವೆ ಏನಾಯಿತು ಎನ್ನುವುದು ಪ್ರೇಕ್ಷಾಗೆ ಗೊತ್ತೇ ಆಗುತ್ತಿರಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬಸವೇಶ ಒಂದು ಸುದ್ದಿ ತೆಗೆದರು.

"ಕೇಳುದ್ರಾ? ಸಣ್ಣ ಮಕ್ಳಿಗೆ ಸ್ಕೂಲ್ ಬಿಟ್ಮೇಲೆ ಇಂಗ್ಲಿಷ್ ಟ್ಯೂಷನ್ ಬ್ಯಾಡ ಅಂತ ಸರ್ಕಾರದೋರು ರೂಲ್ ತರ್ತಾರಂತೆ. ಅಂಗಡಿ ತಾವ ಎಲ್ರೂ ಅದೇ ಮಾತು."

ಪ್ರೇಕ್ಷಾಳ ಕೈಯಲ್ಲಿದ್ದ ಮುದ್ದೆಯ ತುತ್ತು ಹಾಗೇ ನಿಂತಿತು.

"ಮಕ್ಳಿಗೆ ಹೊರೆ ಆಯ್ತದಂತೆ," ಅಪ್ಪ ಮುಂದುವರಿಸಿದರು. "ಅಲ್ಲ, ಈಗ ಕಲೀದೆ ಇನ್ಯಾವಾಗ ಕಲಿಯೋದು? ಮೊನ್ನೆ ನಮ್ ಅಂಗಡಿಗೆ ಕಂಪನಿಯೋನು ಬಂದು ಇಂಗ್ಲಿಷಲ್ಲಿ ಟಸ್ ಪುಸ್ ಅಂತಿದ್ರೆ ನಾನು ಕೋಲೆಬಸವನ ಹಾಗೆ ತಲೆ ಆಡುಸ್ತಾ ನಿಂತಿದ್ದೆ. ನನ್ ಮಗಳಿಗೆ ಅಂಗಾಗ್ಬಾರ್ದು."

ಅಜ್ಜಿ ಗುರುಸಿದ್ದಮ್ಮ ಸಾರು ಬಡಿಸುತ್ತಾ ಅಂದರು, "ರೂಲ್ ಬಂದ್ರೆ ಬರ್ಲಿ ಬುಡಪ್ಪ. ಮಗ ಒಂದೀಟು ಬೆಳಕಲ್ಲಿ ಆಡ್ಕಂಡಿರ್ಲಿ. ಇಂಗ್ಲಿಷು ಎಲ್ಗೋದಾತು?"

ರಾತ್ರಿ ಹಾಸಿಗೆಯಲ್ಲಿ ಪ್ರೇಕ್ಷಾ, ರೂಲ್ ಬರಲಿ, ರೂಲ್ ಬರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ರೂಲ್ ಅಂದರೆ ಏನೋ ದೊಡ್ಡ ಬಿಳಿ ಹಕ್ಕಿ, ಬೆಂಗಳೂರಿನಿಂದ ನಿಧಾನವಾಗಿ ರೆಕ್ಕೆ ಬಡಿಯುತ್ತಾ ಹೊರಟಿದೆ, ಈಗ ಚನ್ನರಾಯಪಟ್ಟಣಕ್ಕೆ ಬಂದಿರಬೇಕು, ಈಗ ಹೊಳೆನರಸೀಪುರ ದಾಟಿರಬೇಕು ಅಂದುಕೊಳ್ಳುತ್ತಲೇ ನಿದ್ದೆ ಹೋದಳು.

ಆ ವಾರವೇ ಪ್ರೇಕ್ಷಾ ಓದುತ್ತಿದ್ದ ನಾಲ್ಕನೇ ಕ್ಲಾಸಿಗೆ ಶಿಕ್ಷಣ ಇಲಾಖೆಯಿಂದ ಒಬ್ಬರು ಬಂದರು. ಚಂದ್ರಶೇಖರಯ್ಯ ಎಂದು ಅವರ ಹೆಸರು. ಕನ್ನಡಕ ಹಾಕಿಕೊಂಡಿದ್ದರು. ಮಗ್ಗಿ ಕೇಳಿದರು, ಪದ್ಯ ಹೇಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಸಂಜೆ ಇಂಗ್ಲಿಷ್ ಟ್ಯೂಷನ್‌ಗೆ ಯಾರ್ಯಾರು ಹೋಗ್ತೀರಪ್ಪಾ?"

ನಾಲ್ಕಾರು ಕೈಗಳು ಮೇಲೆದ್ದವು. ಪ್ರೇಕ್ಷಾಳದೂ, ಮಾನ್ಯಳದೂ.

"ಇಷ್ಟಾನಾ? ಹೆದರ್ಕೋಬೇಡಿ, ನಿಜ ಹೇಳಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಚಂದ್ರಶೇಖರಯ್ಯನವರ ಕಣ್ಣು ಪ್ರೇಕ್ಷಾಳ ಮೇಲೆ ಬಿತ್ತು.

"ನಿದ್ದೆ ಬರ್ತದೆ ಸಾ," ಎಂದಳು ಪ್ರೇಕ್ಷಾ. ಆಮೇಲೆ, ಕೇಳದಿದ್ದರೂ, "ಅಲ್ಲಿ ಆಕಾಶ ಕಾಣಲ್ಲ ಸಾ," ಎಂದಳು.

ಮಕ್ಕಳು ನಕ್ಕರು. ಚಂದ್ರಶೇಖರಯ್ಯನವರು ನಗಲಿಲ್ಲ. "ಹೌದಾ," ಎಂದು ಸ್ವಲ್ಪ ಹೊತ್ತು ಅವಳನ್ನೇ ನೋಡಿ, ತಲೆದೂಗಿ ಹೊರಟುಹೋದರು.

ಮಾರನೆಯ ಸಂಜೆ ಕ್ಲಾಸು ಮುಗಿಯುವಾಗ ಆಶಾರಾಣಿ ಮಿಸ್ ಡಸ್ಟರ್ ಕೆಳಗಿಟ್ಟು ಹೇಳಿದರು, "ಮಕ್ಳೇ, ನಾಳೆಯಿಂದ ಬರ್ಬೇಡಿ. ಏನೇನೋ ಸುದ್ದಿ ಬರ್ತಾ ಇದೆ. ಸರ್ಕಾರದವರು ಏನು ಹೇಳ್ತಾರೋ ನೋಡ್ಕೊಂಡು ಆಮೇಲೆ ನಿಮ್ಮ ಮನೆಗೆ ತಿಳಿಸ್ತೀನಿ. ನಾನೂ ನಾಲ್ಕು ದಿನ ಹೊಳೆನರಸೀಪುರಕ್ಕೆ, ಅಮ್ಮನ ಮನೆಗೆ ಹೋಗ್ಬರ್ತೀನಿ."

ತಾನು ಒಂದು ಮಾತು ಹೇಳಿದ್ದಕ್ಕೆ ಕ್ಲಾಸೇ ನಿಂತುಹೋಯಿತೆ ಎಂದುಕೊಂಡಳು ಪ್ರೇಕ್ಷಾ. ಖುಷಿಯೂ ಆಯಿತು. ಆ ಖುಷಿಯ ಒಳಗೆ ಸಣ್ಣ ಮುಳ್ಳೊಂದು ಚುಚ್ಚುತ್ತಲೂ ಇತ್ತು. ಮೆಟ್ಟಿಲಿಳಿಯುವಾಗ ಮಾನ್ಯ ಅವಳಿಗಾಗಿ ಕಾಯಲಿಲ್ಲ.

ಮಾರನೆಯ ದಿನ ಪ್ರೇಕ್ಷಾ ಅಜ್ಜಿಯ ಜೊತೆ ಕೆರೆಗೆ ಹೋದಳು. ಕೆರೆಯ ಏರಿ ಕಂಡದ್ದೇ ತಡ, ಚಪ್ಪಲಿ ಕೈಗೆ ತೆಗೆದುಕೊಂಡು ಓಡಿ ಹತ್ತಿದಳು.

"ಮೆಲ್ಲುಕೆ ಕಣವ್ವ, ಕೆರೆ ಎಲ್ಗೂ ಓಗಾಕಿಲ್ಲ," ಎಂದು ಅಜ್ಜಿ ಹಿಂದಿನಿಂದ ಕೂಗಿದರು.

ಮೇಲೆ ನಿಂತು ನೋಡಿದರೆ ಇಡೀ ಆಕಾಶ ನೀರಿನೊಳಗಿತ್ತು. ಸೂರ್ಯ ಜೋಳದ ಹೊಲದ ಆಚೆಗೆ ಇಳಿದಿದ್ದ. ನೀರು ಮೊದಲು ಕಿತ್ತಳೆ, ಆಮೇಲೆ ಗುಲಾಬಿ, ಆಮೇಲೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ಆಯಿತು. ದೂರದ ಶುಂಠಿ ಹೊಲದಿಂದ ಹಸಿ ಮಣ್ಣಿನ ವಾಸನೆ ಬಂತು. ಪ್ರೇಕ್ಷಾ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟಳು. ತಾನೂ ಕೆರೆಯ ಮೇಲೆ ತೇಲುತ್ತಿದ್ದೇನೆ, ಇನ್ನು ಸ್ವಲ್ಪ ಹೊತ್ತಿಗೆ ಕೆಳಗಿರುವ ಆಕಾಶಕ್ಕೆ ಇಳಿದುಬಿಡುತ್ತೇನೆ ಅನ್ನಿಸಿತು.

"ಅಜ್ಜೀ, ದಿನಾ ಹಿಂಗೇ ಆಗ್ತದಾ?"

"ದಿನಾ ಆಯ್ತದೆ. ನೋಡೋರ್ಗೆ ಬಿಡುವಿರ್ಬೇಕಷ್ಟೆ."

ದಿನಾ ಇಷ್ಟೆಲ್ಲ ಆಗುತ್ತಿತ್ತು, ತಾನು ಮುಚ್ಚಿದ ಕಿಟಕಿಯ ಪಕ್ಕ ಕೂತಿದ್ದೆನಲ್ಲ ಎಂದು ಪ್ರೇಕ್ಷಾಗೆ ಆಶ್ಚರ್ಯವಾಯಿತು. ಮಾನ್ಯಳಿಗೂ ಇದನ್ನು ಹೇಳಬೇಕು ಅಂದುಕೊಂಡಳು.

ಆದರೆ ಶಾಲೆಯಲ್ಲಿ ಮಾನ್ಯ ಬೇರೆ ಬೆಂಚಿಗೆ ಹೋಗಿ ಕೂತಿದ್ದಳು.

"ಯಾಕೇ? ನಂಜೊತೆ ಟೂ ಬಿಟ್ಯಾ?" ಎಂದು ಪ್ರೇಕ್ಷಾ ಹತ್ತಿರ ಹೋದಳು.

"ನಿನ್ನಿಂದಾನೇ ಕ್ಲಾಸ್ ನಿಂತೋಗಿದ್ದು ಕಣೇ. ಆಕಾಶ ಬೇಕು ಅಂದ್ಯಲ್ಲ, ಈಗ ಚೆನ್ನಾಗಿ ನೋಡ್ಕೋ!" ಎಂದು ಮಾನ್ಯ ಮುಖ ತಿರುಗಿಸಿದಳು.

ಆ ಸಂಜೆ ಅಜ್ಜಿಯ ಜೊತೆ ಕೆರೆಗೆ ಹೊರಟಾಗ ಪ್ರೇಕ್ಷಾ ಬಸ್‌ಸ್ಟ್ಯಾಂಡಿನ ಹಿಂದಿನ ದಾರಿ ಹಿಡಿದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಮಿಸ್ ಮನೆಯ ಬಾಗಿಲಿಗೆ ಬೀಗ ಹಾಕಿತ್ತು. ಮಹಡಿಯ ಮೆಟ್ಟಿಲಿನ ಮೇಲೆ ಯಾರೋ ಕೂತಿದ್ದರು. ಮಾನ್ಯ! ತೊಡೆಯ ಮೇಲೆ ಇಂಗ್ಲಿಷ್ ಪುಸ್ತಕ, ಪಕ್ಕದಲ್ಲಿ ಸ್ಕೂಲ್ ಬ್ಯಾಗು.

"ಇಲ್ಲೇನ್ ಮಾಡ್ತಿದ್ದೀಯೇ? ಮನೆಗೆ ಹೋಗಿಲ್ವಾ?"

"ಮನೇಲಿ ಯಾರಿದಾರೆ?" ಮಾನ್ಯ ತಲೆ ಎತ್ತಲಿಲ್ಲ. "ಅಮ್ಮ ಶುಂಠಿ ತೊಳೆಯೋ ಕಡೆಯಿಂದ ಬರೋದು ಕತ್ಲಾಗ್ತದೆ. ಅಪ್ಪ ಆಟೋದಲ್ಲಿ ರುದ್ರಪಟ್ಟಣಕ್ಕೆ ಲಾಸ್ಟ್ ಟ್ರಿಪ್ ಬಿಟ್ಟು ಬರಬೇಕು. ಒಬ್ಳೇ ಮನೇಲಿರ್ಬೇಡ ಅಂದವ್ರೆ. ಇಲ್ಲಿ ಕೂತ್ರೆ ಅಂಗಡಿ ಲೈಟು ಬೀಳುತ್ತೆ."

ಅಜ್ಜಿ ಮೊಣಕಾಲು ಹಿಡಿದುಕೊಂಡು ಕೆಳಗಿನ ಮೆಟ್ಟಿಲಿನ ಮೇಲೆ ಕೂತರು. ಪ್ರೇಕ್ಷಾ ಮಾನ್ಯಳ ಪಕ್ಕ ಹೋಗಿ ಕೂತಳು. ಪುಸ್ತಕದಲ್ಲಿ ಒಂದು ಹಡಗಿನ ಚಿತ್ರವಿತ್ತು.

"ಇದು ಆಗ್ಲೇ ಮುಗ್ದೋದ ಪಾಠ ಅಲ್ವಾ?"

"ಗೊತ್ತು." ಮಾನ್ಯ ಹಡಗಿನ ಮೇಲೆ ಬೆರಳಾಡಿಸಿದಳು. ಆಮೇಲೆ ಗುಟ್ಟು ಹೇಳುವ ಹಾಗೆ ಅಂದಳು, "ಮಿಸ್ ಇಂಗ್ಲಿಷಲ್ಲಿ ಓದ್ತಾರಲ್ಲ, ಆಗ ನಂಗೆ ಎಲ್ಲಾ ಕಾಣ್ತದೆ ಕಣೇ. ಈ ಹಡಗು, ಸಮುದ್ರ, ಎಲ್ಲಾನೂವೆ. ನಾನು ಹಡಗಲ್ಲಿ ನಿಂತ್ಕೊಂಡು ಎಲ್ರ ಹತ್ರನೂ ಇಂಗ್ಲಿಷಲ್ಲೇ ಮಾತಾಡ್ತಾ ಇರ್ತೀನಿ. ಯಾರೂ ನಗಲ್ಲ. ಒಬ್ಳೇ ಓದುದ್ರೆ ಹಂಗೆ ಆಗಲ್ಲ. ಬರೀ ಅಕ್ಷರ ಕಾಣ್ತವೆ."

ಪ್ರೇಕ್ಷಾ ಬಾಯಿ ತೆರೆದು ಕೇಳುತ್ತಿದ್ದಳು. ಆ ಕೋಣೆಯಲ್ಲಿ ತಾನೊಬ್ಬಳೇ ಎಲ್ಲಿಗೋ ಹೋಗಿಬರುತ್ತೇನೆ ಅಂದುಕೊಂಡಿದ್ದಳು. ಮೊಣಕೈ ತಾಗುವಷ್ಟು ಹತ್ತಿರ ಕೂತು ಮಾನ್ಯಳೂ ಹೋಗುತ್ತಿದ್ದಳು. ದಾರಿ ಮಾತ್ರ ಬೇರೆ.

"ಏಳ್ರವ್ವ," ಎಂದರು ಅಜ್ಜಿ. "ಮೆಟ್ಲ ಮ್ಯಾಲೆ ಸೊಳ್ಳೆ ಕಡುಸ್ಕಂಡು ಯಾಕ್ ಕುಂತೀಯ? ನಮ್ ಜತ್ಗೆ ಬಾ ಮಗಾ. ನಿಮ್ಮಪ್ಪನ್ಗೆ ಫೋನ್ ಮಾಡಿ ಯೋಳ್ತೀನಿ, ನಮ್ಮನೆ ತಾವ್ಲಿಂದ್ಲೇ ಕರ್ಕಂಡೋಗ್ಲಿ."

ಮೂವರೂ ಕೆರೆ ಏರಿಯ ಮೇಲೆ ಕೂತರು. ಬಣ್ಣಗಳೆಲ್ಲ ಒಂದೊಂದಾಗಿ ಬಂದುಹೋದವು. ಮಾನ್ಯ ನೋಡಿದಳು. "ಚೆನ್ನಾಗಿದೆ," ಎಂದಳು. ಆದರೆ ಆಗಾಗ ಪುಸ್ತಕದ ಕಡೆಗೂ ನೋಡುತ್ತಿದ್ದಳು. ಬೆಳಕು ಕಡಿಮೆಯಾದ ಹಾಗೆ ಹಡಗು ಮಸುಕಾಗುತ್ತಾ ಬಂತು. ಕೊನೆಗೆ ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚಿದಳು. ಆ ನಿಟ್ಟುಸಿರು ಪ್ರೇಕ್ಷಾಗೆ ಚೆನ್ನಾಗಿ ಗೊತ್ತಿತ್ತು. ಚಾಪೆಯ ಮೇಲೆ ಕೂತು ಗಿಳಿಗಳ ಸದ್ದು ದೂರವಾಗುವುದನ್ನು ಕೇಳುವಾಗ ತಾನೂ ಹಾಗೇ ಉಸಿರು ಬಿಡುತ್ತಿದ್ದಳು.

ಮಿಸ್ ಊರಿಂದ ಬಂದರೆಂದು ತಿಳಿದ ದಿನ ಪ್ರೇಕ್ಷಾ ಶಾಲೆಯಿಂದ ನೇರವಾಗಿ ಅವರ ಮನೆಗೆ ಹೋದಳು. ಆಶಾರಾಣಿ ಮಿಸ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ಮಿಸ್..." ಪ್ರೇಕ್ಷಾ ಹತ್ತಿರ ಹೋಗಿ ನಿಂತಳು. "ಸ್ಕೂಲಿಗೆ ಬಂದಿದ್ರಲ್ಲ, ಆ ಸಾರ್ ಹತ್ರ ನಾನೇ ಹೇಳಿದ್ದು. ನಿದ್ದೆ ಬರ್ತದೆ ಅಂತ. ಆಕಾಶ ಕಾಣಲ್ಲ ಅಂತ. ಅದಕ್ಕೇ ಕ್ಲಾಸ್ ನಿಂತೋಯ್ತಾ?"

ಮಿಸ್ ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹಾಗೇ ಬಿಟ್ಟು ಅವಳ ಕಡೆ ತಿರುಗಿದರು.

"ಅಯ್ಯೋ, ಇಲ್ಲಮ್ಮ. ನಿನ್ನ ಒಂದು ಮಾತಿಗೆ ರೂಲ್ ಆಗುತ್ತಾ? ಅವ್ರು ಇನ್ನೂ ಯೋಚ್ನೆ ಮಾಡ್ತಾ ಇದ್ದಾರಂತೆ ಅಷ್ಟೆ. ನಾನೇ ಹೆದರ್ಕೊಂಡು ನಿಲ್ಲಿಸ್ದೆ." ಮಿಸ್ ಅವಳ ಮುಂದೆ ಬಗ್ಗಿದರು. "ಅಷ್ಟೊಂದು ಬೇಜಾರಾಗ್ತಿತ್ತಾ ನಿಂಗೆ?"

ಸುಳ್ಳು ಹೇಳಿದ್ದರೆ ಸುಲಭವಿತ್ತು. ಪ್ರೇಕ್ಷಾ ನೆಲ ನೋಡುತ್ತಾ ಹೌದೆಂದು ತಲೆಯಾಡಿಸಿದಳು. ಆಮೇಲೆ ಗಡಿಬಿಡಿಯಲ್ಲಿ ಸೇರಿಸಿದಳು, "ನಂಗೆ ಮಾತ್ರ ಮಿಸ್. ಮಾನ್ಯಾಗಲ್ಲ. ಅವ್ಳಿಗೆ ಕ್ಲಾಸ್ ಬೇಕು. ನೀವು ಓದುದ್ರೇನೇ ಅವ್ಳಿಗೆ ಎಲ್ಲಾ ಕಾಣೋದು. ಅವ್ಳು ಮೆಟ್ಲ ಮೇಲೆ ಕೂತ್ಕೊಂಡಿದ್ಲು."

"ಇಲ್ಲೇನಾ? ನಾನಿಲ್ಲದಾಗ?"

"ಹೂಂ ಮಿಸ್."

ಮಿಸ್ ಮಹಡಿಯ ಮೆಟ್ಟಿಲುಗಳನ್ನು ನೋಡಿದರು.

ಅವತ್ತೇ ಸಂಜೆ ಅವರು ಪ್ರೇಕ್ಷಾಳ ಮನೆಗೆ ಬಂದರು. ಅಪ್ಪ ಗಡಬಡಿಸಿ ಕುರ್ಚಿ ಹಾಕಿದರು. ಅಜ್ಜಿ ಕಾಫಿ ತಂದುಕೊಟ್ಟರು.

"ರೂಲ್ ಬಂದ್ರೆ ನಿಲ್ಲಿಸ್ಲೇಬೇಕು ಬಸವೇಶ್ ಅವ್ರೇ. ಬರೋವರ್ಗೂ ಬೇಕು ಅನ್ನೋ ಮಕ್ಕಳಿಗೆ ಮಾಡ್ತೀನಿ," ಎಂದರು ಮಿಸ್. "ಆದ್ರೆ ಪ್ರೇಕ್ಷಾನ ಸಂಜೆ ಕಳಿಸ್ಬೇಡಿ. ಶನಿವಾರ ಸ್ಕೂಲ್ ಬೇಗ ಬಿಡುತ್ತಲ್ಲ, ಆವಾಗ ಬರ್ಲಿ. ಅವ್ಳಿಗೆ ಅಷ್ಟು ಸಾಕು."

"ವಾರಕ್ಕೊಂದ್ಸಲ ಕಲಿತು ಯಾವಾಗ ಮುಂದೆ ಬರೋದು ಮೇಡಂ?" ಅಪ್ಪನ ಮುಖ ಚಿಕ್ಕದಾಯಿತು. "ನನ್ ತರ ಆಗ್ಬಾರ್ದು ಅಂತ ಅಷ್ಟೆ."

ಅಂಗಡಿಯಲ್ಲಿ ಗಟ್ಟಿಯಾಗಿ ಮಾತಾಡುವ ಅಪ್ಪ, ಆ ಕಂಪನಿಯವನ ಮುಂದೆ ತಲೆಯಾಡಿಸುತ್ತಾ ನಿಂತದ್ದು ಪ್ರೇಕ್ಷಾಳ ಕಣ್ಣಿಗೆ ಕಟ್ಟಿತು. ಮೊದಲು ಆ ಮಾತಿಗೆ ಅವಳಿಗೆ ನಗು ಬಂದಿತ್ತು. ಈಗ ಬರಲಿಲ್ಲ. ಅವಳು ಹೋಗಿ ಅಪ್ಪನ ಕುರ್ಚಿಗೆ ಒರಗಿ ನಿಂತಳು.

"ಶನಿವಾರ ಹೋಗ್ತೀನಪ್ಪ," ಎಂದಳು. "ನಿದ್ದೆ ಮಾಡಲ್ಲ."

ಅಪ್ಪ ಅವಳ ಜಡೆ ಹಿಡಿದು ಮೆಲ್ಲಗೆ ಎಳೆದರು. "ಆಯ್ತು ನಡಿ," ಎಂದರು.

ಸೋಮವಾರ ಸಂಜೆ ಕ್ಲಾಸು ಮತ್ತೆ ಶುರುವಾಯಿತು. ಮಾನ್ಯಳ ಜೊತೆ ಪ್ರೇಕ್ಷಾಳೂ ಮಿಸ್ ಮನೆಯವರೆಗೆ ಹೋದಳು. ದಾರಿಯುದ್ದಕ್ಕೂ ಇಬ್ಬರೂ ಒಂದೇ ಜೋಳದ ತೆನೆ ಹಂಚಿಕೊಂಡು ತಿಂದರು.

"ನೀನು ಬರಲ್ವಾ?" ಮೆಟ್ಟಿಲ ಬುಡದಲ್ಲಿ ಮಾನ್ಯ ಕೇಳಿದಳು.

"ಊಹೂಂ. ನಾನು ಕೆರೆಗೆ."

"ಬೇಜಾರಿಲ್ವಾ?"

"ನಿಂಗೆ?"

ಮಾನ್ಯ ನಕ್ಕು ಬ್ಯಾಗು ಹೆಗಲಿಗೇರಿಸಿದಳು. ಆಮೇಲೆ ಒಂದು ಬಿಟ್ಟು ಒಂದು ಮೆಟ್ಟಿಲು ನೆಗೆಯುತ್ತಾ ಓಡಿದಳು. ಬ್ಯಾಗು ಬೆನ್ನ ಮೇಲೆ ಕುಣಿಯಿತು. ಚಪ್ಪಲಿ ಕಳಚಿದ್ದೂ ಅವಳಿಗೆ ತಿಳಿಯಲಿಲ್ಲ. ಒಂದು ಮೇಲೆ, ಇನ್ನೊಂದು ನಡುವಿನ ಮೆಟ್ಟಿಲಿನಲ್ಲಿ ಉಳಿಯಿತು.

ಆ ಮೆಟ್ಟಿಲುಗಳನ್ನು ಯಾರಾದರೂ ಹೀಗೂ ಹತ್ತಬಹುದು ಎಂದು ಪ್ರೇಕ್ಷಾಗೆ ಗೊತ್ತಿರಲಿಲ್ಲ. ಅವಳು ನಡುವೆ ಉಳಿದಿದ್ದ ಚಪ್ಪಲಿಯನ್ನು ಎತ್ತಿಕೊಂಡು ಹೋಗಿ, ಮೇಲಿನದರ ಪಕ್ಕದಲ್ಲಿ ಜೋಡಿಸಿ ಇಟ್ಟಳು. ಒಳಗೆ ಆಶಾರಾಣಿ ಮಿಸ್ ಓದಲು ಶುರುಮಾಡಿದ್ದರು.

ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡು, ಪ್ರೇಕ್ಷಾ ಒಂದೊಂದೇ ಮೆಟ್ಟಿಲು ಇಳಿದಳು.