ಬಲಗಡೆಯ ಹೂ

“ಇನ್ನು ನಮ್ಮನೆ ದೇವಿಗೆ ನಾನು ಕೈ ಮುಗಿಯಲ್ಲಮ್ಮ!”

ಶಿಕಾರಿಪುರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಏದುಸಿರು ಬಿಡುತ್ತಿದ್ದ ತಂದೆ ಮಧುಕೇಶ್ವರರ ಮಂಚದ ಪಕ್ಕ ನಿಂತು ಅಭಿಜ್ಞ ಹಲ್ಲು ಕಚ್ಚಿ ನುಡಿದ. “ಲಸಿಕೆ ಬೇಡ ಅಂತ ಎಡಗಡೆ ಹೂ ಕೊಟ್ಟಳಲ್ಲ... ಈಗ ಅಪ್ಪನ್ನ ನೋಡು!”

“ಹಂಗನ್ನಬ್ಯಾಡ್ರೀ,” ಅವನ ಹೆಂಡತಿ ಚೈತ್ರ ಬಿಕ್ಕಿದಳು. “ಹೂ ತಂದುಕೊಟ್ಟೋಳು ನಾನು. ನನ್ನ ಕೈಲೇ ಮೈಲಿಗೆ ಆತೇನೋ...”

ಅಭಿಜ್ಞನ ತಾಯಿ ಸತ್ಯವತಿ ಸೆರಗನ್ನು ಬಾಯಿಗೊತ್ತಿಕೊಂಡರು. ಮೈಲಿಗೆಯ ಮಾತನ್ನು ಸೊಸೆಯ ತಲೆಗೆ ತುಂಬಿದವರು ಅವರೇ.

ಹೊಸ ಫ್ಲೂ ಜ್ವರ ಊರೂರಿಗೆ ಹಬ್ಬಿ, ತಮ್ಮೂರು ಕುಪ್ಪಗಡ್ಡೆಗೆ ಲಸಿಕೆ ಬಂದ ದಿನ ಚೈತ್ರ ಅಂಗಲಾಚಿದ್ದಳು. “ಮಾವನೋರಿಗೆ ದಮ್ಮು ಐತ್ರೀ ಅತ್ತೆ, ಮೊದ್ಲು ಅವರಿಗೆ ಹಾಕಿಸೋಣ.”

“ಓಹೋ! ಶಿಕಾರಿಪುರದ ತವರಿಂದ ಬುದ್ಧಿ ಮೂಟೆ ಕಟ್ಕೊಂಡು ಬಂದಿದೀಯಾ? ದೇವಿನ ಕೇಳದೆ ಈ ಮನೇಲಿ ಏನೂ ನಡೆಯಲ್ಲ!” ಎಂದಿದ್ದರು ಸತ್ಯವತಿ. ಅವರೇ ವಿಗ್ರಹದ ಎರಡು ಭುಜಗಳಿಗೂ ಒದ್ದೆ ಹೂ ಅಂಟಿಸಿದರು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ಸತ್ಯವತಿ ಮಾತ್ರ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಬಿತ್ತು... ಬಲಗಡೆಯದೇ! ಸೂಜಿಗೆ ಹೆದರುವ ಹೆಂಗಸಲ್ಲ ಅವರು. ಆದರೆ ನಿನ್ನೆ ಮೊನ್ನೆ ಬಂದ ಸೊಸೆಯ ಮಾತು ಗೆದ್ದಿತಲ್ಲ, ಅದೂ ದೇವಿಯ ಬಾಯಿಂದಲೇ! ಎದೆಯೊಳಗೆ ಬೆಂಕಿ ಬಿದ್ದಂತಾಯಿತು. ಬಿದ್ದ ಹೂವನ್ನು ಮತ್ತೆ ಅಂಟಿಸಿ, ಎಡಗಡೆಯದನ್ನು ಬೆರಳಿನಿಂದ ಉದುರಿಸಿದರು. ಆಮೇಲೆ ಎಲ್ಲರೂ ಕಣ್ಣು ತೆರೆಯಲೆಂದು ಗಂಟೆ ಬಾರಿಸಿದರು.

“ಚೈತ್ರಾ... ನಿನ್ನ ಕೈಯಲ್ಲಿ ಮೈಲಿಗೆ ಇಲ್ಲ ಕಣೇ,” ಸತ್ಯವತಿ ಈಗ ಮಂಚದ ಪಕ್ಕ ಸೊಸೆಯ ಕೈ ಹಿಡಿದರು. “ದೇವಿ ಬಲಗಡೆಯೇ ಕೊಟ್ಟಿದ್ದಳು. ನಾನೇ... ನಾನೇ ಅದಲು ಬದಲು ಮಾಡಿದೆ!”

ಅಭಿಜ್ಞ ಕಿಟಕಿಯ ಕಡೆ ತಿರುಗಿ ನಿಂತ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಸತ್ಯವತಿ ಗಂಡನ ಕಾಲುಗಳ ಮೇಲೆ ಕುಸಿದರು.

ಮಧುಕೇಶ್ವರರು ಮಾಸ್ಕನ್ನು ಸ್ವಲ್ಪ ಸರಿಸಿದರು. “ಗೊತ್ತಿತ್ತು ಸತ್ಯಾ... ನಾನೂ ಕಣ್ಣು ಮುಚ್ಚಿರಲಿಲ್ಲ.”

“ಅಯ್ಯೋ! ಮತ್ತೆ ಯಾಕ್ರೀ ಸುಮ್ಮನಿದ್ರಿ?”

“ಸೊಸೆ ಎದುರಿಗೆ... ನಿನಗೆ ಅವಮಾನ ಆಗ್ತಿತ್ತಲ್ಲ...”

ಕೆಮ್ಮು ಒತ್ತರಿಸಿ ಬಂತು. ಚೈತ್ರ ಓಡಿ ಬಂದು ಮಾಸ್ಕನ್ನು ಸರಿಪಡಿಸಿ, ಮಾವನ ಎದೆ ನೀವತೊಡಗಿದಳು. ಅವಳು ತನ್ನತ್ತ ತಿರುಗಿ ನೋಡದಿರಲಿ ಎಂದು ಬೇಡಿಕೊಳ್ಳಲು ಸತ್ಯವತಿ ಕೈ ಜೋಡಿಸಿದರು. ಯಾವ ಬಾಯಿಂದ ದೇವಿಯನ್ನು ಕರೆಯುವುದೆಂದು ಅವರಿಗೆ ತಿಳಿಯಲಿಲ್ಲ.