ಐಶ್ವರ್ಯ ಏನು ಓದುತ್ತಾಳೆ

ಬೆಂಗಳೂರಿನ ವಿಜಯನಗರದ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಚೇತನಾ ಮಕ್ಕಳಿಗೊಂದು ಮಾತು ಕೊಟ್ಟಿದ್ದಳು. ಅವಳಿಗಿಂತ ಮುಂಚೆ ಇದ್ದವರು, ಒಬ್ಬ ಹುಡುಗಿ ಗೈಡಿನೊಳಗೆ ಕಾದಂಬರಿ ಇಟ್ಟುಕೊಂಡು ಓದುವುದನ್ನು ಅವಳಪ್ಪನ ಕಿವಿಗೆ ಹಾಕಿದ್ದರಿಂದ ಆ ಹುಡುಗಿ ಲೈಬ್ರರಿಯ ಮೆಟ್ಟಿಲು ಹತ್ತುವುದೇ ನಿಂತುಹೋಗಿತ್ತಂತೆ. ಹಿಂದಿನ ಮೇಜಿನ ಪಿಯುಸಿ ಮಕ್ಕಳೆಲ್ಲ ಗುಂಪಾಗಿ ಬಂದು ಕೇಳಿದ್ದರು: "ಮೇಡಂ, ನೀವೂ ಮನೆಗೆ ಹೇಳ್ತೀರಾ?"

"ಇಲ್ಲಿ ಯಾರು ಏನು ಓದ್ತಾರೆ ಅನ್ನೋದು ನನ್ನ ಬಾಯಿಂದ ಆಚೆ ಹೋಗಲ್ಲ. ಅಪ್ಪ ಬಂದು ಕೇಳಲಿ, ಪ್ರಿನ್ಸಿಪಾಲ್ ಬಂದು ಕೇಳಲಿ."

ವರ್ಷಗಳು ಕಳೆದವು. ಆ ಮಕ್ಕಳು ಹೋಗಿ ಬೇರೆ ಮಕ್ಕಳು ಬಂದರು. ಮಾತು ಒಬ್ಬರಿಂದೊಬ್ಬರಿಗೆ ದಾಟುತ್ತ ಉಳಿಯಿತು. ಒಂದು ದಿನ ಕಲ್ಮೇಶ ಬಂದು ಕೇಳುತ್ತಾನೆ ಅಂತ ಚೇತನಾ ಅಂದುಕೊಂಡಿರಲಿಲ್ಲ.

ಕಲ್ಮೇಶ ಬಿಎಂಟಿಸಿ ಕಂಡಕ್ಟರ್. ಗದಗದ ಕಡೆಯವನು. ಅವ್ವ ಬಸವ್ವ, ತಂಗಿ ಐಶ್ವರ್ಯ, ಸುಂಕದಕಟ್ಟೆಯಲ್ಲಿ ಬಾಡಿಗೆ ಮನೆ. ತಂಗಿಯ ಪುಸ್ತಕ ವಾಪಸ್ ಮಾಡುವ ನೆಪ ಹಿಡಿದು, ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬರುತ್ತಿದ್ದ.

"ನಿಮಗ್ಯಾವ ಪುಸ್ತಕ ಕೊಡಲಿ?"

"ದಪ್ಪಗಿರೋದು ಕೊಡಿ ಮೇಡಂ."

"ದಪ್ಪಗಿರೋದು ಬೇಗ ಮುಗಿಯಲ್ಲ. ವಾಪಸ್ ಕೊಡೋಕೆ ಬರೋದು ತಡ ಆಗುತ್ತೆ."

ಅವನು ಗಂಭೀರವಾಗಿ ಯೋಚಿಸಿ, "ಹಂಗಾದ್ರೆ ತೀರಾ ತೆಳ್ಳಗಿರೋದು ಕೊಡಿ" ಅನ್ನುತ್ತಿದ್ದ.

ಬೆಂಗಳೂರಿನ ಮಾತು ಕಲಿತಿದ್ದ. ಮನಸ್ಸು ಕದಡಿದಾಗ ಮಾತ್ರ ಗದಗ ಹೊರಬೀಳುತ್ತಿತ್ತು. "ಅವ್ವನ್ನ ಕರ್ಕೊಂಡು ನಿಮ್ಮ ಮನೀಗೆ ಬರ್ಲೇನ್ರಿ?" ಅಂತ ಕೇಳಿದ್ದೂ ಆ ಮಾತಿನಲ್ಲೇ. ಅವತ್ತು ಚೇತನಾ ತಾರೀಕಿನ ಸೀಲನ್ನು ಪುಸ್ತಕಕ್ಕೆ ಒತ್ತುವ ಬದಲು ತನ್ನ ಹೆಬ್ಬೆರಳಿಗೇ ಒತ್ತಿಕೊಂಡಿದ್ದಳು. ಬರುವ ಭಾನುವಾರ ದೀಪಾಂಜಲಿ ನಗರದ ಅವಳ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ.

ಅಷ್ಟರಲ್ಲಿ, ಮೊನ್ನೆ, ಐಶ್ವರ್ಯ ಕೌಂಟರಿಗೆ ಬಗ್ಗಿ ಪಿಸುಗುಟ್ಟಿದ್ದಳು. "ಮೇಡಂ, ಎದೇಲಿ ಗಂಟು ಆಗೋದರ ಬಗ್ಗೆ ಇನ್ನೊಂದು ಪುಸ್ತಕ ಇದೆಯಾ? ಈ ರ‍್ಯಾಕಲ್ಲಿರೋದೆಲ್ಲ ನೋಡಿದೆ. ಸೈಬರ್ ಸೆಂಟರಲ್ಲಿ ಹಿಂದೆ ಕೂತಿರೋರು ಸ್ಕ್ರೀನ್ ನೋಡ್ತಾರೆ." ಆಮೇಲೆ, "ನನಗಲ್ಲ. ಅವ್ವಂಗೆ."

"ಮೊದಲು ಡಾಕ್ಟರಿಗೆ ತೋರಿಸ್ಬೇಕು ಕಣಮ್ಮ."

"ಅಣ್ಣನ ಮದುವೆ ಆಗೋವರೆಗೂ ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದಾಳೆ. ಕಾಯಿಲೆ ಇರೋ ಮನೆ ಅಂದ್ರೆ ನಿಮ್ಮ ಮನೆಯವರು ಒಪ್ತಾರಾ? ನೀವು ಯಾರಿಗೂ ಹೇಳಲ್ಲ ಅಲ್ವಾ ಮೇಡಂ?"

"ಇಲ್ಲ" ಅಂದಿದ್ದಳು ಚೇತನಾ.

ಶುಕ್ರವಾರ ಸಂಜೆ ಕಲ್ಮೇಶ ಬಂದ. ಕೈಯಲ್ಲಿ ಪುಸ್ತಕ ಇರಲಿಲ್ಲ.

"ಐಶ್ವರ್ಯ ಟ್ಯೂಷನ್ನಿಗೆ ಹೋಗ್ತಾನೇ ಇಲ್ವಂತೆ. ಸಾರ್ ಡಿಪೋಗೇ ಫೋನ್ ಮಾಡಿದ್ರು. ಆ ಟೈಮಲ್ಲಿ ಇಲ್ಲಿಗೆ ಬರ್ತಾಳಂತಲ್ಲ, ಏನ್ ಮಾಡ್ತಾಳೆ?"

"ಓದ್ತಾಳೆ."

"ಏನು ಓದ್ತಾಳೆ? ಯಾರ ಪಕ್ಕ ಕೂತ್ಕೋತಾಳೆ? ಯಾವನಾದ್ರೂ ಹುಡುಗ..."

ಪೇಪರ್ ಓದುತ್ತಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿದರು. ಅಟೆಂಡರ್ ಕೆಂಪಯ್ಯ, "ಸಾರ್, ಸೈಲೆನ್ಸು" ಅಂದ. ಹಾಗಾಗಿ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು. ದೂರದಿಂದ ನೋಡಿದವರಿಗೆ ಪ್ರೇಮಿಗಳಿಬ್ಬರು ಗುಟ್ಟು ಮಾತಾಡಿಕೊಳ್ಳುತ್ತಿದ್ದಾರೆ ಅನ್ನಿಸಿರಬೇಕು.

"ಮಕ್ಕಳ ವಿಷಯ ನಾನು ಯಾರಿಗೂ ಹೇಳಲ್ಲ."

"ನಾನು ಯಾರೋನಾ?"

ಅವನ ಬೆರಳುಗಳು ಕೌಂಟರಿನ ಅಂಚಿನಲ್ಲಿ ಅವಳ ಬೆರಳಿಗೆ ತಾಕಿಕೊಂಡೇ ಇದ್ದವು. ಬೇರೆ ದಿನವಾಗಿದ್ದರೆ ಇಬ್ಬರೂ ಕೈ ಎಳೆದುಕೊಂಡು ನಗುತ್ತಿದ್ದರು. ಈಗ ಇಬ್ಬರಿಗೂ ಅದರ ಕಡೆ ಗಮನವೇ ಇರಲಿಲ್ಲ.

"ನಿಮ್ಮನ್ನ ಭಾಳ ನಂಬೀನಿ ನಾ." ಗದಗ ಹೊರಬಿತ್ತು. "ನೀವು ಬಾಯಿ ಬಿಡಂಗಿಲ್ಲ ಅಂದ್ರ ಹುಡುಗ ಇರೋದು ಖರೇನ ಅಂದಂಗಾತು. ನಾಳೆ ಮುಂಜಾನಿ ಬಸ್ಸಿಗೆ ಊರಿಗೆ ಕಳಸ್ತೀನಿ. ಸೋದರಮಾವ ಲಗ್ನಕ್ಕ ತಯಾರ್ ಅದಾನ. ಓದಿದ್ದು ಸಾಕು."

"ದುಡುಕಬೇಡಿ ಕಲ್ಮೇಶ್."

"ಹಂಗಾದ್ರ ಹೇಳ್ರಿ."

ಅವನ ಬೆನ್ನ ಹಿಂದೆ, ಕಪಾಟುಗಳ ಸಂದಿಯಲ್ಲಿ ಐಶ್ವರ್ಯ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಚೇತನಾಳ ಕಣ್ಣನ್ನೇ ನೋಡುತ್ತ ಬೇಡ, ಬೇಡ ಅಂತ ತಲೆಯಾಡಿಸಿದಳು. ಇಲ್ಲದ ಹುಡುಗನ ಹೆಸರು ಹೊತ್ತುಕೊಂಡು ಬಸ್ಸು ಹತ್ತುವುದಕ್ಕೂ ಆ ಹುಡುಗಿ ರೆಡಿಯಾಗಿದ್ದಳು.

ಅವಳು ಹೋದರೆ ಬಸವ್ವನ ಕಾಯಿಲೆ ಗೊತ್ತಿರುವವರು ಆ ಮನೆಯಲ್ಲಿ ಉಳಿಯುವುದಿಲ್ಲ. ಹೇಳಿಬಿಟ್ಟರೆ ಭಾನುವಾರದ ಶಾಸ್ತ್ರ ಇಲ್ಲ; ಮುಂದೆಯೂ ಇರುತ್ತದೋ ಇಲ್ಲವೋ.

"ಐಶು, ನೀನೇ ಹೇಳಮ್ಮ."

ಕಲ್ಮೇಶ ಸರಕ್ಕನೆ ತಿರುಗಿದ. ಹುಡುಗಿ ತುಟಿ ಕಚ್ಚಿಕೊಂಡು, "ಏನೂ ಇಲ್ಲ ಅಣ್ಣ. ಊರಿಗೆ ಹೋಗ್ತೀನಿ ಬಿಡು" ಅಂದಳು.

"ನೋಡಿದ್ರಿಲ್ಲೋ?" ಅಂದ ಅವನು ಚೇತನಾಳ ಕಡೆ.

ಚೇತನಾ ಕೌಂಟರ್ ದಾಟಿ ಅವನೆದುರು ಬಂದು ನಿಂತಳು. "ನಿಮ್ಮವ್ವನ ಎದೇಲಿ ಗಂಟಿದೆ. ಅದು ಏನು ಅಂತ ಓದೋಕೆ ಇವಳು ಇಲ್ಲಿಗೆ ಬರ್ತಾಳೆ. ಹುಡುಗನೂ ಇಲ್ಲ, ಯಾರೂ ಇಲ್ಲ. ನಿಮ್ಮ ಮದುವೆ ತಪ್ಪಿಹೋಗುತ್ತೆ ಅಂತ ಅವ್ವ ಬಾಯಿ ಮುಚ್ಚಿಸಿದಾರೆ."

ಕಲ್ಮೇಶನ ಹೆಗಲಿನಿಂದ ಬ್ಯಾಗು ಜಾರಿ ಮೊಣಕೈಗೆ ಬಂತು. "ಮೊನ್ನಿ ಅವ್ವ ಕೊಡ ಎತ್ತಾಕ ಆಗವಲ್ದು ಅಂದ್ಲು," ಅಂದ. "ಮೈಗಳ್ಳಿ ಆದಿ ಅಂತ ನಕ್ಕೆ ನಾ."

"ನೀವು ಹೇಳಲ್ಲ ಅಂದಿದ್ರಿ." ಐಶ್ವರ್ಯ ಪಿಸುಗುಟ್ಟಲಿಲ್ಲ. ಇಡೀ ಹಾಲಿಗೆ ಕೇಳಿಸಿತು. ಹಿಂದಿನ ಮೇಜಿನ ಮಕ್ಕಳೆಲ್ಲ ತಲೆಯೆತ್ತಿದರು. "ನಿಮ್ಮನ್ನ ನಂಬಿ ಹೇಳಿದೆ ಮೇಡಂ ನಾನು."

"ಹೌದು ಕಣಮ್ಮ," ಅಂದಳು ಚೇತನಾ.

ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ, ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಳು.

"ಭಾನುವಾರ..." ಅಂದ ಕಲ್ಮೇಶ. "ನಿಮ್ಮ ಮನಿಯವರು ಏನಂತಾರ?"

"ಭಾನುವಾರ ಬಿಡಿ. ನಾಳೆ ಬೆಳಿಗ್ಗೆ ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನಾನೂ ಬರ್ತೀನಿ. ಹೆಂಗಸರ ವಾರ್ಡೊಳಗೆ ನಿಮ್ಮನ್ನ ಬಿಡಲ್ಲ."

"ನಿಮಗ್ಯಾಕ ಇದೆಲ್ಲ?"

ಚೇತನಾ ನೆಲ ನೋಡಿದಳು. ಕಿವಿ ಕೆಂಪಾಗುವುದು ಅವಳಿಗೇ ಗೊತ್ತಾಗುತ್ತಿತ್ತು. "ಕಾಯಿಲೆ ಇರೋ ಮನೆ ಅಂತ ಗೊತ್ತಾದ ಮಾರನೇ ದಿನಾನೇ ಭಾನುವಾರದ ಸೀರೆ ಇಸ್ತ್ರಿಗೆ ಕೊಟ್ಟು ಬಂದೆ. ಇನ್ನೇನು ಹೇಳಲಿ?"

ಅವನು ಜಾರಿದ ಬ್ಯಾಗನ್ನು ಹೆಗಲಿಗೇರಿಸಿಕೊಂಡ. ಕಣ್ಣು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. "ಬಾ ಹಂಗಾದ್ರ," ಅಂದ.

ಬಸವ್ವನಿಗೆ ಆಪರೇಷನ್ ಆಯಿತು, ಗುಣವೂ ಆಯಿತು. ಚೇತನಾಳ ಮನೆಯವರು ಒಪ್ಪಿ ಮರುವರ್ಷ ಮದುವೆ ನಡೆಯಿತು. ಐಶ್ವರ್ಯ ಚೇತನಾಳನ್ನು ಅತ್ತಿಗೆ ಅಂತ ಕರೆಯುತ್ತಾಳೆ, ಮನೆಯಲ್ಲಿ ಎದುರು ಕೂತು ಊಟ ಮಾಡುತ್ತಾಳೆ. ಲೈಬ್ರರಿಗೆ ಮಾತ್ರ ಮತ್ತೆ ಬರಲಿಲ್ಲ. ಹಿಂದಿನ ಮೇಜಿನಲ್ಲೂ ಎಷ್ಟೋ ಕುರ್ಚಿಗಳು ಖಾಲಿಯಾದವು.

ಮಕ್ಕಳಿಗೆ ಕೊಟ್ಟ ಮಾತನ್ನು ಚೇತನಾ ಮುರಿದಳು.